ಹಿಂದಕ್ಕೆ ಬಾರದ ರೋಲರು

ಬಡವನಹಳ್ಳಿಯಲ್ಲಿ ಟೀ ಕುಡಿಯಲೆಂದು ಕಾರು ನಿಲ್ಲಿಸಿದ್ದೆವು. ಪಾವಗಡದ ರಸ್ತೆಯನ್ನು ಮತ್ತೊಮ್ಮೆ ಅಗೆದು ಮತ್ತೊಮ್ಮೆ ಮುಚ್ಚುತ್ತಿದ್ದರು; ನನ್ನ ಕಾಲದಿಂದಲೂ ಆ ರಸ್ತೆಯ ಹಣೆಬರಹ ಅದೇ. ಹಳದಿ ಬಣ್ಣದ ಹೊಸ ರೋಲರೊಂದು ಬಿಸಿ ಟಾರಿನ ಮೇಲೆ ಮುಂದಕ್ಕೆ ಹೋಯಿತು, ನಿಂತಿತು, ಆಮೇಲೆ ಪೀಂ ಪೀಂ ಎಂದು ಕೂಗಿಕೊಳ್ಳುತ್ತ ಹಿಂದಕ್ಕೆ ಬಂತು. ಅದನ್ನು ನಡೆಸುತ್ತಿದ್ದವನು ಒಂದು ಕೈಯಲ್ಲಿ ಮೊಬೈಲು ಹಿಡಿದು ಯಾರೊಂದಿಗೋ ಜಗಳವಾಡುತ್ತಿದ್ದ. ಇನ್ನೊಂದು ಕೈಯಲ್ಲಿ ಬೆರಳುದ್ದದ ಹಿಡಿಯನ್ನು ಹಾಗೆ ತಳ್ಳಿದರೆ ಮುಂದಕ್ಕೆ, ಹೀಗೆ ಎಳೆದರೆ ಹಿಂದಕ್ಕೆ. ಅಷ್ಟು ಸಲೀಸಾಗಿ ಹಿಂದಕ್ಕೆ ಬರುವ ಯಂತ್ರವನ್ನು ಕಂಡರೆ ನನಗೆ ಇವತ್ತಿಗೂ ಎದ್ದು ನಿಂತು ಕೈಮುಗಿಯಬೇಕೆನಿಸುತ್ತದೆ. ಏಕೆಂದರೆ ಹಿಂದಕ್ಕೆ ಬಾರದ ರಸ್ತೆ ರೋಲರೊಂದನ್ನು ನಿರ್ಮಿಸಿದ ಕೀರ್ತಿ ಈ ಸೀಮೆಯಲ್ಲಿ ನನ್ನೊಬ್ಬನಿಗೇ ಸಲ್ಲಬೇಕು. ಆ ಮಹಾಯಂತ್ರ ಅವತರಿಸಿದ್ದು, ನಾನು ಟೀ ಲೋಟ ಹಿಡಿದು ನಿಂತಿದ್ದ ಜಾಗದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೇಳು ವಯಸ್ಸು. ರಸ್ತೆಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಕಿರಿಯ ಇಂಜಿನಿಯರ್. ಮದುವೆಯಾಗಿ ಎಂಟು ತಿಂಗಳಾಗಿತ್ತು; ಅದರಲ್ಲಿ ಹೆಂಡತಿಯೊಂದಿಗೆ ಒಂದೇ ಸೂರಿನ ಕೆಳಗೆ ಇದ್ದದ್ದು ಹತ್ತೊಂಬತ್ತು ದಿನ. ಸರೋಜ ಮೈಸೂರಿನ ಶಾಲೆಯೊಂದರಲ್ಲಿ ಟೀಚರು. ನನಗೆ ಅದೇ ಮೈಸೂರಿನಲ್ಲಿ ಒಂದು ಹುದ್ದೆ ಖಾಲಿಯಿತ್ತು, ಆದೇಶವೂ ಆಗಿತ್ತು. ಆದರೆ ಮಾರ್ಚ್ ಮೂವತ್ತೊಂದರ ಒಳಗೆ ಹೋಗಿ ಸೇರಿಕೊಳ್ಳಬೇಕು. ತಪ್ಪಿದರೆ ಆ ಕುರ್ಚಿ ಇನ್ನೊಬ್ಬರ ಪಾಲು. ಮತ್ತು ಹೋಗುವ ಮುನ್ನ ನಾನು ಒಂದು ಸಣ್ಣ ಕೆಲಸ ಮುಗಿಸಿಕೊಡಬೇಕಾಗಿತ್ತು. ಮೇಲಿನ ಕಚೇರಿಯಿಂದ ಬಂದ ಕಾಗದದಲ್ಲಿ ಅದನ್ನು ಹೀಗೆ ಬರೆದಿದ್ದರು: ‘ಸದರಿ ಉಗಿ ರೋಲರನ್ನು ಡೀಸೆಲ್ ಚಾಲಿತವನ್ನಾಗಿ ಪರಿವರ್ತಿಸಿ, ಚಾಲನೆ ತೃಪ್ತಿಕರವೆಂದು ಪ್ರಮಾಣೀಕರಿಸಿದ ತರುವಾಯವೇ ಸದರಿಯವರನ್ನು ಬಿಡುಗಡೆ ಮಾಡತಕ್ಕದ್ದು.’ ಹೀಗೆ ಸರ್ಕಾರವು ಒಂದು ಹಳೆಯ ಉಗಿಯಂತ್ರವನ್ನೂ ಒಬ್ಬ ಹೊಸ ಗಂಡನನ್ನೂ ಒಂದೇ ಸರಪಳಿಯಲ್ಲಿ ಕಟ್ಟಿಹಾಕಿ, ಕೊನೆಗೆ ಮುದ್ರೆ ಒತ್ತಿತ್ತು.

ಆಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಿಗೆ, ತಲಾ ಒಂದರಂತೆ ನಾಲ್ಕು ಉಗಿ ರೋಲರುಗಳಿದ್ದವು. ನಾಲ್ಕೂ ಬ್ರಿಟಿಷರು ಬಿಟ್ಟುಹೋದವು. ಹೋಗುವಾಗ ಅವರು ಕೊಂಡೊಯ್ಯದಿದ್ದುದಕ್ಕೆ ಮುಖ್ಯ ಕಾರಣ ಅವುಗಳ ತೂಕವೇ ಇರಬೇಕು. ನನ್ನ ಪಾಲಿಗೆ ಬಂದದ್ದು ಮಧುಗಿರಿಯದು. ಬಡವನಹಳ್ಳಿಯ ಸಂತೆ ಮೈದಾನದ ಪಕ್ಕ, ಇಲಾಖೆಯ ತಗಡಿನ ಶೆಡ್ಡಿನ ಮುಂದೆ ಅದು ನಿಂತಿತ್ತು. ಉದ್ದನೆಯ ಹೊಗೆಕೊಳವೆ, ಆನೆಯ ಹೊಟ್ಟೆಯಂಥ ಬಾಯ್ಲರ್, ಮೇಲೆ ತಗಡಿನ ಚಾವಣಿ, ಮಗ್ಗುಲಲ್ಲಿ ಒಂದು ಭಾರಿ ಗಾಲಿ. ಶೆಡ್ಡಿಗೆ ಅಂಟಿಕೊಂಡ ಕೋಣೆ ನನ್ನ ವಾಸಕ್ಕೆ. ಅದಕ್ಕಿದ್ದ ಒಂದೇ ಕಿಟಕಿ ರೋಲರಿನ ಕಡೆಗೇ ತೆರೆಯುತ್ತಿತ್ತು. ರೋಲರಿನಾಚೆ ರಸ್ತೆ, ರಸ್ತೆಯಾಚೆ ಬಯಲು, ಬಯಲಿನ ಕೊನೆಯಲ್ಲಿ ಮಧುಗಿರಿಯ ಏಕಶಿಲೆಯ ಬೆಟ್ಟ. ಯಾವ ಕಡೆ ತಿರುಗಿ ಕೂತರೂ ಆ ಬೆಟ್ಟ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಂತೆ, ನನ್ನನ್ನೇ ನೋಡುತ್ತಿತ್ತು. ಕೊರಟಗೆರೆ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ದಿನಕ್ಕೆರಡು ಸಲ ಕಿಟಕಿಯ ಎಡಗಡೆಯಿಂದ ಹುಟ್ಟಿ ಬಲಗಡೆಗೆ ಕಾಣೆಯಾಗುತ್ತಿತ್ತು. ಕಂಡಕ್ಟರಿಗೆ ನನ್ನ ಮುಖ ಪರಿಚಯವಾಗಿ, ಕೊನೆಕೊನೆಗೆ ಅವನು ಕೈಬೀಸಲು ತೊಡಗಿದ್ದ. ಅದು ನನಗೆ ಸಮಾಧಾನವನ್ನೇನೂ ಕೊಡಲಿಲ್ಲ.

ರೋಲರಿಗೆ ಇಬ್ಬರು ಒಡೆಯರು. ಒಬ್ಬರು ಡ್ರೈವರ್ ಬುಡೇನ್ ಸಾಬರು, ಸಿರಾದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಬಿಳಿ ಗಡ್ಡ, ಎಣ್ಣೆ ಕುಡಿದು ಕಪ್ಪಾದ ಕೈ, ಎಂದೂ ಏರದ ದನಿ. ಇನ್ನೊಬ್ಬ ಬೆಂಕಿ ಹಾಕುವ ಚಿತ್ತಣ್ಣ. ಪಾವಗಡದ ಕಡೆಯ ಗೊಲ್ಲರ ಹಟ್ಟಿಯವನು, ಮೂವತ್ತೈದರ ಆಳು. ಕುರಿಗಳನ್ನು ಅಣ್ಣನಿಗೆ ಬಿಟ್ಟು ಬಂದಿದ್ದರೂ ಕುರಿಗಾರಿಕೆಯನ್ನು ಬಿಟ್ಟಿರಲಿಲ್ಲ: ರೋಲರನ್ನು ‘ಬಾ’, ‘ನಿಲ್ಲು’, ‘ಥೂ ನಿನ್ನ’ ಎಂದೇ ಮಾತಾಡಿಸುತ್ತಿದ್ದ. ಹೊತ್ತು ಮೂಡುವ ಮೊದಲೇ ಅವನು ಜಾಲಿ ಸೌದೆ ತುಂಬಿ ಬೆಂಕಿ ಕೊಟ್ಟರೆ, ಉಗಿ ಏರಿ ಯಂತ್ರ ಅಲುಗಾಡುವ ಹೊತ್ತಿಗೆ ಊರಿನ ಜನ ಊಟ ಮುಗಿಸಿ ಹೊಲ ಸೇರಿರುತ್ತಿದ್ದರು. ಸೌದೆ ವರ್ಷವರ್ಷಕ್ಕೆ ದೂರ ಸರಿಯುತ್ತಿತ್ತು. ನೀರು ಗಡಸು, ಕೊಳವೆಗಳ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ಬಾಯ್ಲರ್ ಪರೀಕ್ಷೆಗೆ ಬಂದ ಅಧಿಕಾರಿ ಸುತ್ತಿಗೆಯಿಂದ ನಾಲ್ಕು ಕಡೆ ತಟ್ಟಿ, ಐದನೆಯ ಕಡೆ ತಟ್ಟಲು ಹೆದರಿ, ಇನ್ನು ಇದಕ್ಕೆ ಬೆಂಕಿ ಹಾಕಕೂಡದು ಎಂದು ಬರೆದು ಹೋದರು. ಪರಿವರ್ತನೆಯ ಮಾತು ಹುಟ್ಟಿದ್ದು ಆಗ.

ಅದರಿಂದ ಮೊದಲು ನೊಂದವರು ಊರಿನ ಹೆಂಗಸರು. ಆ ರೋಲರು ಬೀಡುಬಿಟ್ಟ ಊರಿನಲ್ಲೆಲ್ಲ ಒಂದು ಪದ್ಧತಿ ನಡೆದು ಬಂದಿತ್ತು. ಸಂಜೆ ಕೆಲಸ ನಿಂತ ಮೇಲೆ ಬಾಯ್ಲರಿನಲ್ಲಿ ಉಳಿದ ಬಿಸಿನೀರನ್ನು ಕೆಳಗಿನ ನಲ್ಲಿಯಿಂದ ಬಿಡುತ್ತಿದ್ದರು. ಹೆಂಗಸರು ಕೊಡ ತಂದು ಸಾಲಾಗಿ ನಿಂತು ಒಯ್ಯುತ್ತಿದ್ದರು. ಮೊದಲ ಕೊಡ ಬಾಣಂತಿಯಿರುವ ಮನೆಗೆ, ಎರಡನೆಯದು ಮಂಡಿನೋವಿನ ಮುದುಕಿಯರಿಗೆ, ಆಮೇಲೆ ಉಳಿದವರಿಗೆ. ನೀರು ತುಕ್ಕಿನ ಬಣ್ಣಕ್ಕಿರುತ್ತಿತ್ತು. ಕಬ್ಬಿಣದ ಸತ್ವ ಇಳಿದಿದೆ, ಕೀಲಿಗೆ ಒಳ್ಳೆಯದು ಎಂದು ಜನ ನಂಬಿದ್ದರು. ನಾನು ಊಟ ಮಾಡುತ್ತಿದ್ದ ಹೋಟೆಲಿನ ತಿಮ್ಮಕ್ಕ ಆ ಸಾಲಿನ ಅಧ್ಯಕ್ಷೆ. ಸುದ್ದಿ ತಿಳಿದ ದಿನ ಆಕೆ ನನ್ನ ತಟ್ಟೆಗೆ ಮುದ್ದೆಯನ್ನು ಇಡಲಿಲ್ಲ, ಎಸೆದಳು.

“ಏನ್ ಇಂಜಿನೀರಪ್ಪ, ರೋಡಿಂಜಿನ್‌ಗೆ ಇನ್ಮ್ಯಾಕೆ ಬೆಂಕಿ ಹಾಕಾಕಿಲ್ವಂತೆ?”

“ಇಲ್ಲ ತಿಮ್ಮಕ್ಕ. ಸೀಮೆಎಣ್ಣೆ ಥರದ್ದೊಂದು ಎಣ್ಣೆ ಹಾಕಿದರೆ ತಾನೇ ನಡೆಯುತ್ತೆ.”

“ಎಣ್ಣೆ ಹಾಕುದ್ರೆ ನೀರು ಕಾಯ್ತೈತಾ?”

“ಇಲ್ಲ.”

“ಮತ್ತೆ ಅದೆಂಗಪ್ಪ ಇಂಜಿನ್ನು? ನಮ್ ಮಗ್ಳು ನಾಗೀಗೆ ದಿನ ತುಂಬ್ತಾ ಬಂದೈತೆ. ಹೋಗಿ ಹೋಗಿ ಈ ವರ್ಸವೇ ಬಂದ್ಯಲ್ಲ ನೀನು.”

ನಾನು ನನ್ನ ಕರ್ತವ್ಯದಲ್ಲಿ ಮುಳುಗಿದೆ. ಮಧುಗಿರಿಯ ಉಗ್ರಾಣದಲ್ಲಿ ಯಾವುದೋ ಕಾಮಗಾರಿಯಿಂದ ಉಳಿದ ಡೀಸೆಲ್ ಪಂಪಿನ ಎಂಜಿನ್ ಒಂದು ಸುಮ್ಮನೆ ಬಿದ್ದಿತ್ತು. ಮೇಲಿನ ಕಚೇರಿಯಿಂದ ಒಂದು ನಕ್ಷೆಯೂ ಬಂತು. ಅದನ್ನು ಬರೆದವರು ರೋಲರನ್ನು ಕಂಡಿರಲಿಲ್ಲವೆಂಬುದು ನಕ್ಷೆಯ ಸೊಗಸಿನಿಂದಲೇ ತಿಳಿಯುತ್ತಿತ್ತು: ಅದರಲ್ಲಿ ಬಾಯ್ಲರನ್ನು ಬಿಚ್ಚಿ ಪಕ್ಕಕ್ಕಿಡುವಂತೆ ಸೂಚಿಸಿತ್ತು. ಬುಡೇನ್ ಸಾಬರು ನಕ್ಷೆಯನ್ನು ಬಹಳ ಗೌರವದಿಂದ, ತಲೆಕೆಳಗಾಗಿ ಹಿಡಿದು ನೋಡಿದರು.

“ಸಾರ್, ಇದಕ್ಕೆ ಬಾಯ್ಲರೇ ಬೆನ್ನು. ಅದನ್ನ ತೆಗುದ್ರೆ ಮುಂದಿನ ಚಕ್ರ ಸಿರಾ ಕಡೆ, ಹಿಂದಿನ ಚಕ್ರ ಪಾವಗಡದ ಕಡೆ.”

ಹಾಗಾಗಿ ಬಾಯ್ಲರು ಉಳಿಯಿತು. ಅದರ ಮೇಲಿದ್ದ ಉಗಿಯ ಸಿಲಿಂಡರನ್ನು ಇಳಿಸಿ, ಅಲ್ಲಿ ಕಬ್ಬಿಣದ ಪೀಠ ಕಟ್ಟಿ ಡೀಸೆಲ್ ಎಂಜಿನ್ ಕೂರಿಸಿದೆವು. ಅದರಿಂದ ಒಂದು ಚರ್ಮದ ಬೆಲ್ಟು ಹಳೆಯ ಹಲ್ಲುಚಕ್ರಗಳ ದಂಡಕ್ಕೆ. ಬೆಲ್ಟನ್ನು ಪಕ್ಕದ ಖಾಲಿ ಗಾಲಿಗೆ ಜಾರಿಸಿದರೆ ರೋಲರು ನಿಲ್ಲಬೇಕು, ಮತ್ತೆ ಸರಿಸಿದರೆ ಹೊರಡಬೇಕು. ಎಂಜಿನ್ನು ಕಾಯದಿರಲು ನೀರಿನ ತೊಟ್ಟಿ ಬೇಕಲ್ಲ? ಅದಕ್ಕೆ ಖಾಲಿ ಬಾಯ್ಲರೇ ತೊಟ್ಟಿಯಾಗಲಿ ಎಂದವರೂ ಬುಡೇನ್ ಸಾಬರೇ. ಮೊದಲ ದಿನ ಎಂಜಿನ್ನನ್ನು ಮೂರು ಗಂಟೆ ಓಡಿಸಿ ಸಂಜೆ ಕೆಳಗಿನ ನಲ್ಲಿ ತಿರುಗಿಸಿದರೆ ಬಿಸಿನೀರು! ತಿಮ್ಮಕ್ಕ ಬೆರಳು ಅದ್ದಿ, ಮೂಸಿ, “ಉಗುರ್ ಬಿಸಿ, ಮ್ಯಾಗೆ ಸೀಮೆಣ್ಣೆ ವಾಸ್ನೆ” ಎಂದು ತೀರ್ಪು ಕೊಟ್ಟಳು. ಆದರೆ ಮರುದಿನದಿಂದ ನನ್ನ ಮುದ್ದೆ ಮತ್ತೆ ತಟ್ಟೆಗೆ ಮೆಲ್ಲಗೆ ಇಳಿಯತೊಡಗಿತು.

ಈ ನಡುವೆ ಮಾಗಿ ಚಳಿ ಬಂದು ಹೋಯಿತು. ಕಡಲೆಕಾಯಿ ಬಿಡಿಸುವ ಕೆಲಸ ಮುಗಿದು ಹೊಲಗಳು ಬೋಳಾದವು. ಸಂಕ್ರಾಂತಿ ಕಳೆಯುತ್ತಲೇ ಬಂಡೆಗಳು ಕಾಯಲು ಶುರುವಾಗಿ, ಶಿವರಾತ್ರಿಯ ಹೊತ್ತಿಗೆ ನನ್ನ ಕೋಣೆಯ ತಗಡು ರೊಟ್ಟಿ ಸುಡುವಷ್ಟಾಯಿತು. ಸರೋಜಳಿಂದ ವಾರಕ್ಕೊಂದು ನೀಲಿ ಇನ್‌ಲ್ಯಾಂಡು ಬರುತ್ತಿತ್ತು. ಮೊದಮೊದಲು ‘ನಿಮ್ಮ ಯಂತ್ರ ಕ್ಷೇಮವೆಂದು ನಂಬಿದ್ದೇನೆ’ ಎಂದು ಶುರುವಾಗುತ್ತಿದ್ದುದು ಫೆಬ್ರವರಿಯ ಹೊತ್ತಿಗೆ ‘ನನ್ನ ಸವತಿ ಕ್ಷೇಮವೇ?’ ಎಂದಾಯಿತು. ಮೈಸೂರಿನಲ್ಲಿ ಎರಡು ಕೋಣೆಯ ಮನೆ ನೋಡಿದ್ದಳು. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ ಎಂದು ಬರೆದಿದ್ದಳು. ನನ್ನಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ ಎಂದು ನಾನು ಉತ್ತರ ಬರೆದೆ.

ಶೆಡ್ಡಿನ ಮುಂದೆ ಹಿಂದಿನ ಚಕ್ರಗಳನ್ನು ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಎಂಜಿನ್ ಓಡಿಸಿ, ಚಕ್ರ ತಿರುಗುವುದನ್ನು ನಾವು ಹಲವು ಸಲ ನೋಡಿ ಆನಂದಿಸಿದ್ದೆವು. ಯಾವ ಕಡೆಗೆ ತಿರುಗುತ್ತಿದೆ ಎಂದು ಯಾರೂ ಕೇಳಲಿಲ್ಲ. ತಿರುಗುತ್ತಿತ್ತಲ್ಲ, ಅಷ್ಟೇ. ಡ್ರೈವರಿನ ಬಲಗೈ ಬಳಿ ಒಂದು ಹಿತ್ತಾಳೆ ಹಿಡಿಯ ಉದ್ದನೆಯ ಸನ್ನೆಗೋಲಿತ್ತು. ಉಗಿಯ ಕಾಲದಲ್ಲಿ ಅದನ್ನು ಮುಂದಕ್ಕೆ ತಳ್ಳಿದರೆ ರೋಲರು ಮುಂದಕ್ಕೆ, ಹಿಂದಕ್ಕೆ ಎಳೆದರೆ ಹಿಂದಕ್ಕೆ ಬರುತ್ತಿತ್ತು. ಅದರ ತಳದ ಸರಳುಗಳೆಲ್ಲ ಸಿಲಿಂಡರಿನ ಜೊತೆ ಗುಜರಿಗೆ ಹೋಗಿದ್ದವು. ಸನ್ನೆಯನ್ನು ಮಾತ್ರ ನಾನು ಉಳಿಸಿದ್ದೆ. ನೋಡಲು ಶೋಭೆಯಾಗಿತ್ತು.

ಮಾರ್ಚ್ ತಿಂಗಳ ಮೂರನೆಯ ವಾರ ಪರೀಕ್ಷೆ. ಮಧುಗಿರಿಯಿಂದ ನಮ್ಮ ಉಪವಿಭಾಗದ ಸಾಹೇಬರು ರುದ್ರಪ್ಪನವರು ಜೀಪಿನಲ್ಲಿ ಬಂದಿಳಿದರು. ಹಣೆಯ ಮೇಲೆ ಮೂರೆಳೆ ವಿಭೂತಿ, ಕಂಕುಳಲ್ಲಿ ಫೈಲು. ಯಾರ ಕೆಲಸವನ್ನೂ ಕೆಡಿಸದ, ತಮ್ಮ ಕೆಲಸವನ್ನೂ ಹೆಚ್ಚಿಸಿಕೊಳ್ಳದ ಸಜ್ಜನರು. ಹೊಗೆಕೊಳವೆಗೆ ಅರಿಶಿನ ಕುಂಕುಮ ಬಳಿದಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿತ್ತು. ಬುಡೇನ್ ಸಾಬರು ‘ಬಿಸ್ಮಿಲ್ಲಾ’ ಎಂದು ಹತ್ತಿದರು, ಚಿತ್ತಣ್ಣ ತೆಂಗಿನಕಾಯಿ ಒಡೆದ. ಬೆಲ್ಟು ಸರಿಯಿತು. ನಿಂಬೆಹಣ್ಣುಗಳು ಪಿಚಕ್ಕೆಂದವು. ರೋಲರು ಸೌದೆಯಿಲ್ಲದೆ, ಬೆಂಕಿಯಿಲ್ಲದೆ, ಸಾಕ್ಷಾತ್ ಡೀಸೆಲಿನಿಂದ ಪಾವಗಡದ ರಸ್ತೆಯ ಮೇಲೆ ಮುಂದಕ್ಕೆ ನಡೆಯಿತು. ಜನ ಕೇಕೆ ಹಾಕಿದರು. ನನ್ನ ಕಣ್ಣಮುಂದೆ ಮೈಸೂರಿನ ಅಡುಗೆಮನೆಯೊಂದರಲ್ಲಿ ಬೆಳಗಿನ ಬಿಸಿಲು ಬಿತ್ತು.

ಸುಮಾರು ದೂರ ಹೋದ ಮೇಲೆ ರುದ್ರಪ್ಪನವರು, “ಭಲೇ. ಇನ್ನು ಹಿಂದಕ್ಕೆ ತಗೊಳ್ರೀ ಸಾಬ್ರೇ” ಎಂದರು.

ಬುಡೇನ್ ಸಾಬರು ಬೆಲ್ಟು ಜಾರಿಸಿ ನಿಲ್ಲಿಸಿದರು. ಹಿತ್ತಾಳೆ ಹಿಡಿಯನ್ನು ಗಂಭೀರವಾಗಿ ಹಿಂದಕ್ಕೆ ಎಳೆದರು. ಬೆಲ್ಟು ಸರಿಸಿದರು. ರೋಲರು ಅಷ್ಟೇ ಗಂಭೀರವಾಗಿ ಮುಂದಕ್ಕೆ ಹೋಯಿತು. ಅವರು ಮತ್ತೆ ನಿಲ್ಲಿಸಿ ಮತ್ತೆ ಎಳೆದರು. ಮತ್ತೆ ಮುಂದಕ್ಕೆ.

“ಸಾರ್,” ಎಂದರು ನನ್ನ ಕಡೆ ತಿರುಗಿ, “ಇದು ಮಾತು ಕೇಳ್ತಿಲ್ಲ.”

ಆ ಒಂದು ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು. ಉಗಿಯ ಎಂಜಿನ್ನು ಎರಡೂ ಕಡೆಗೆ ತಿರುಗುತ್ತದೆ. ಡೀಸೆಲ್ಲಿನದು ಒಂದೇ ಕಡೆಗೆ. ಅದಕ್ಕೆ ಹಿಂದಕ್ಕೆ ನಡೆಯುವುದನ್ನು ಗೇರುಗಳಿಂದ ಬೇರೆಯಾಗಿ ಕಲಿಸಬೇಕು. ನಾನು ಅಲ್ಲಿಯವರೆಗೆ ಕಂಡಿದ್ದ ಡೀಸೆಲ್ ಎಂಜಿನ್ನುಗಳೆಲ್ಲ ಬಾವಿಯಿಂದ ನೀರೆತ್ತುವಂಥವು. ಎತ್ತಿದ ನೀರನ್ನು ಮತ್ತೆ ಬಾವಿಗಿಳಿಸಿ ಎಂದು ಯಾವ ರೈತನೂ ನನ್ನನ್ನು ಕೇಳಿರಲಿಲ್ಲ.

“ಸಾಬ್ರೇ, ನಿಮಗಾದರೂ ಗೊತ್ತಿರಲಿಲ್ಲವೇ?” ಎಂದೆ, ಮುಳುಗುವವನ ದನಿಯಲ್ಲಿ.

“ನಲವತ್ತು ವರ್ಷದಿಂದ ನಂಗೆ ಇಂಜಿನ್ ಅಂದ್ರೆ ಎರಡೂ ಕಡೆ ಹೋಗೋದೇ ಸಾರ್. ಒಂದೇ ಕಡೆ ಹೋಗೋದಕ್ಕೂ ಇಂಜಿನ್ ಅಂತಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

ಹೀಗೆ ಅವರ ವಿದ್ಯೆಗೂ ನನ್ನ ವಿದ್ಯೆಗೂ ನಡುವಿನ ಸಂದಿನಲ್ಲಿ ಹಿಂದಕ್ಕೆ ಹೋಗುವ ದಾರಿ ಬಿದ್ದುಹೋಗಿತ್ತು.

ರೋಲರು ನಡುರಸ್ತೆಯಲ್ಲಿತ್ತು. ಎರಡೂ ಕಡೆ ತಗ್ಗಿನ ಹೊಲ, ತಿರುಗಿಸಲು ಜಾಗವಿಲ್ಲ. ಮುಂದಿನಿಂದ ಬಸ್ಸು ಬಂದು ನಿಂತು ಹಾರನ್ನು ಹೊಡೆಯತೊಡಗಿತು. ಆ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ, ಅದನ್ನೇ ಮಾಡಿಸಿದೆವು. ಬಸ್ಸನ್ನು ಹಿಂದಕ್ಕೆ ನಡೆಸುತ್ತ (ಬಸ್ಸಿಗೆ ಬರುತ್ತಿತ್ತು), ರೋಲರನ್ನು ಮುಂದಕ್ಕೆ ನಡೆಸುತ್ತ ಮೆರವಣಿಗೆ ಹೊರಟಿತು. ಕೆರೆ ಏರಿಯ ಮೇಲೆ ತಿರುಗಿಸುವಂತಿರಲಿಲ್ಲ. ಏರಿ ದಾಟಿ, ತೋಪು ದಾಟಿ, ಮುಂದಿನ ಹಳ್ಳಿಯ ಹೊರಗೆ ಒಂದು ಒಕ್ಕಣೆಯ ಕಣ ಸಿಗುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ರುದ್ರಪ್ಪನವರು ಜೀಪು ಹತ್ತದೆ ನನ್ನ ಪಕ್ಕದಲ್ಲೇ ನಡೆದರು. ಸಾವಿನ ಮನೆಯವರ ಜೊತೆ ನಡೆಯುವ ಹಾಗೆ. ಚಿತ್ತಣ್ಣ ಮುಂದೆ ಓಡಿ ಜನರನ್ನು ಚದುರಿಸುತ್ತಿದ್ದ: “ಸರೀರಪ್ಪೋ, ಇದುಕ್ಕೆ ಇಂದಕ್ಕೆ ಬರಾಕೆ ಬರಾಕಿಲ್ಲ!” ಕಣದ ಯಜಮಾನ ಹಸನಾಗಿ ಸಗಣಿ ಸಾರಿಸಿದ ನೆಲದ ಮೇಲೆ ಎಂಟು ಟನ್ನಿನ ಕಬ್ಬಿಣ ಅರ್ಧಚಂದ್ರಾಕಾರವಾಗಿ ತಿರುಗಿದ್ದನ್ನು ಕಂಡು ಆಡಿದ ಮಾತುಗಳನ್ನು ನಾನು ಬರೆಯಲಾರೆ.

ಮಧ್ಯಾಹ್ನ ಕೋಣೆಯಲ್ಲಿ ಕೂತು ರುದ್ರಪ್ಪನವರು ಮಜ್ಜಿಗೆ ಕುಡಿದರು. ಫೈಲು ಬಿಚ್ಚಿ, ಮೇಲಿನ ಕಚೇರಿಯ ಆದೇಶದ ಮೇಲೆ ಬೆರಳಿಟ್ಟರು.

“ನೋಡ್ರೀ, ಇಲ್ಲಿ ‘ಚಾಲನೆ ತೃಪ್ತಿಕರ’ ಅಂತ ಅಷ್ಟೇ ಇದೆ. ಹಿಂದಕ್ಕೆ ಅಂತ ಎಲ್ಲಾದ್ರೂ ಬರ್ದಿದಾರಾ? ಇಲ್ಲ. ಚಲಿಸ್ತೋ ಇಲ್ವೋ? ಚಲಿಸ್ತು. ಇಬ್ರೂ ನೋಡಿದ್ವಿ.” ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದು ನನ್ನ ಬಿಡುಗಡೆಯ ಪತ್ರ. ಅವರ ಸಹಿ ಆಗಲೇ ಬಿದ್ದಿತ್ತು. “ನೀವು ಪ್ರಮಾಣಪತ್ರಕ್ಕೆ ಒಂದು ಸಹಿ ಹಾಕಿ, ಇದನ್ನ ಜೇಬಿಗೆ ಹಾಕ್ಕೊಳ್ರಿ. ಮಿಕ್ಕದ್ದು ನಿಮ್ಮ ಜಾಗಕ್ಕೆ ಬರೋ ಪುಣ್ಯಾತ್ಮ ನೋಡ್ಕೊಳ್ತಾನೆ. ಹೊಸಾ ಸಂಸಾರ ರೀ ನಿಮ್ಮದು.”

ನಾನು ಧೀರೋದಾತ್ತನಾಗಿ ನಿರಾಕರಿಸಿದೆ ಎಂದು ಬರೆಯಲು ಬಹಳ ಆಸೆ. ಹಾಗೇನೂ ಆಗಲಿಲ್ಲ. ನಾಳೆ ಬೆಳಿಗ್ಗೆ ಸಹಿ ಮಾಡಿ ಕೊಡುತ್ತೇನೆ ಸಾರ್ ಎಂದೆ. ಅವರು ಹೋದ ಮೇಲೆ ಟ್ರಂಕು ತುಂಬಿದೆ, ಹಾಸಿಗೆ ಸುತ್ತಿದೆ. ಕಿಟಕಿಯಲ್ಲಿ ಸಂಜೆಯ ಬಸ್ಸು ಹೋಗುವಾಗ, ಮೊದಲ ಸಲ, ನಾನೂ ಕಂಡಕ್ಟರಿಗೆ ಕೈಬೀಸಿದೆ.

ಬೆಳಿಗ್ಗೆ ಬುಡೇನ್ ಸಾಬರು ಬಾಗಿಲ ಬಳಿ ಬಂದು ನಿಂತರು. ಕೈಯಲ್ಲೊಂದು ಕಾಗದದ ತುಂಡು. ಪಕ್ಕದಲ್ಲಿ ಚಿತ್ತಣ್ಣ.

“ಮೈಸೂರಿಗೆ ಹೋಗ್ತೀರಂತೆ ಸಾರ್. ಖುಷಿ ಆಯ್ತು. ನಮ್ಗೂ ಹುಕುಂ ಬಂತು. ಸೋಮವಾರದಿಂದ ಕೊರಟಗೆರೆ ರಸ್ತೆ, ಗುಡ್ಡದ ಇಳಿಜಾರು.”

ಆ ಇಳಿಜಾರು ನನಗೆ ಗೊತ್ತಿತ್ತು. ಮೇಲೆ ಬಂಡೆ, ಕೆಳಗೆ ತಿರುವು. ತಿರುವಿನಲ್ಲಿ ಆಲದ ಮರ, ಮರದ ಬುಡದಲ್ಲಿ ಬಸ್ಸಿಗೆ ಕಾಯುವ ಜನ.

“ಸಾರ್, ಆವಿ ಇದ್ದಾಗ ಇಳಿಜಾರಿನಾಗೆ ಬ್ರೇಕು ಅಂದ್ರೆ ಈ ಸನ್ನೇನೇ. ಹಿಂದಕ್ಕೆ ಎಳುದ್ರೆ ಆವಿ ಹಿಡ್ಕೊಂಡ್ಬಿಡೋದು. ತಾಯಿ ಮಗು ಹಿಡ್ಕೊಂಡಂಗೆ. ಕೈಬ್ರೇಕು ಅಂತ ಒಂದು ಮರದ ತುಂಡು ಐತೆ, ಅದು ನಿಂತಿರೋ ರೋಲರನ್ನ ನಿಲ್ಸಕ್ಕೆ ಮಾತ್ರ. ಈಗ ಬೆಲ್ಟು ಜಾರಿಸಿದ್ರೆ ಇಂಜಿನ್ ಹಿಡಿತ ಬಿಟ್ಟೋಗ್ತದೆ; ಇಳಿಜಾರಿನಾಗೆ ರೋಲರು ನಿಲ್ಲಲ್ಲ.” ಅವರ ದನಿ ಎಂದಿನಂತೆಯೇ ಇತ್ತು. ಕಾಗದದ ತುಂಡನ್ನು ಮುಂದೆ ಚಾಚಿದರು. “ಬೈಯೋದಕ್ಕೆ ಬಂದಿಲ್ಲ ಸಾರ್. ಇಳಿಜಾರಿನಾಗೆ ಅದು ಜಾರಿದ್ರೆ ನಾನು ಏನ್ ಮಾಡ್ಬೇಕು, ಅದೊಂದು ಈ ಚೀಟೀಲಿ ಬರ್ದು ಕೊಟ್ಟು ಹೋಗಿ. ಹಂಗೇ ಮಾಡ್ತೀನಿ.”

“ನೆಗ್ದ್‌ಬುಡು ಅಂತ ಬರ್ಕೊಡಿ ಸೋಮಿ,” ಎಂದ ಚಿತ್ತಣ್ಣ. “ನಾನ್ ಯೋಳ್ದೆ, ಕೇಳಾಕಿಲ್ಲ ಈ ಮುದ್ಕಪ್ಪ. ಕೆಳಗೆ ಜನ ಇರ್ತಾರೆ ನಾನೆಂಗ್ಲಾ ನೆಗೀಲಿ ಅಂತೈತೆ.”

ನಾನು ಚೀಟಿಯನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದೆ. ಸರ್ಕಾರಿ ನೌಕರನಿಗೆ ಬರೆಯಲು ಬಾರದ ವಿಷಯವೆಂಬುದು ಇರುವುದಿಲ್ಲ. ಬೀಳದ ಮಳೆಯ ಬಗ್ಗೆ, ಕಟ್ಟದ ಮೋರಿಯ ಬಗ್ಗೆ ನಾನು ಪುಟಗಟ್ಟಲೆ ಬರೆದಿದ್ದೆ. ಆ ಅಂಗೈಯಗಲದ ಚೀಟಿಯಲ್ಲಿ ಮಾತ್ರ ಒಂದು ಅಕ್ಷರವೂ ಮೂಡಲಿಲ್ಲ. ಇಬ್ಬರೂ ನಿಂತು ಕಾಯುತ್ತಿದ್ದರು. ನಾನು ಬರೆದೇ ಬರೆಯುತ್ತೇನೆ ಎಂಬ ನಂಬಿಕೆಯಿಂದ ಕಾಯುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಬಸ್ಸಿನ ಹಾರನ್ನು ಕೇಳಿಸಿತು. ಬೆಳಗಿನ ಬಸ್ಸು. ಶೆಡ್ಡಿನ ಮುಂದೆ ಅದು ಒಂದು ಗಳಿಗೆ ನಿಧಾನವಾಯಿತು. ಟ್ರಂಕಿನ ವಿಷಯ ಊರಿಗೆಲ್ಲ ತಿಳಿದಿತ್ತಲ್ಲ. ಆಮೇಲೆ ಹೋಯಿತು.

ನಾನು ಚೀಟಿಯನ್ನು ಹಾಗೇ ಅವರಿಗೆ ಹಿಂದಿರುಗಿಸಿದೆ. ಪ್ರಮಾಣಪತ್ರದ ಹಾಳೆ ಎಳೆದುಕೊಂಡು ‘ಯಂತ್ರವು ಹಿಂದಕ್ಕೆ ಚಲಿಸುವುದಿಲ್ಲವಾದ್ದರಿಂದ ಚಾಲನೆ ತೃಪ್ತಿಕರವಾಗಿರುವುದಿಲ್ಲ’ ಎಂದು ಬರೆದು ಸಹಿ ಹಾಕಿ, ನನ್ನ ಬಿಡುಗಡೆಯ ಪತ್ರವನ್ನು ಅದರ ಬೆನ್ನಿಗೆ ಗುಂಡುಸೂಜಿಯಿಂದ ಚುಚ್ಚಿದೆ. ನನ್ನ ವೃತ್ತಿಜೀವನದಲ್ಲಿ ಬರೆದ ಅತ್ಯಂತ ಚಿಕ್ಕ, ಅತ್ಯಂತ ನಿಜವಾದ ವರದಿ ಅದು. ಬರೆದ ಮೇಲೆ ಹೆಮ್ಮೆಯೇನೂ ಆಗಲಿಲ್ಲ. ಸುತ್ತಿದ ಹಾಸಿಗೆಯನ್ನು ಮತ್ತೆ ಬಿಚ್ಚಿ ಹಾಸಿದೆ. ಕಿಟಕಿಯಲ್ಲಿ ಬೆಟ್ಟ ಇದ್ದಲ್ಲೇ ಇತ್ತು.

ರುದ್ರಪ್ಪನವರು ವರದಿಯನ್ನು ಎರಡು ಸಲ ಓದಿದರು. “ಮದುವೆ ಆಗಿರೋದು ನಿಮಗೇ ತಾನೇ?” ಎಂದು ಕೇಳಿದರು. ಆಮೇಲೆ, ನನ್ನ ಮುಖ ನೋಡದೆ, ಕೊರಟಗೆರೆ ಇಳಿಜಾರಿನ ಕೆಲಸವನ್ನು ಮುಂದೂಡಿ ಬರೆದರು. ಮೂವತ್ತೊಂದನೆಯ ತಾರೀಖು ಬಂದಿತು, ಹೋಯಿತು. ಮೈಸೂರಿನ ಕುರ್ಚಿಗೆ ಯಾರೋ ಪುಣ್ಯವಂತರು ಬಂದು ಕೂತರು. ಆ ವಾರ ನೀಲಿ ಇನ್‌ಲ್ಯಾಂಡು ಬರಲಿಲ್ಲ. ಅದರ ಮರುವಾರವೂ ಇಲ್ಲ.

ಏಪ್ರಿಲ್ಲಿನ ಬಿಸಿಲಿನಲ್ಲಿ ಬುಡೇನ್ ಸಾಬರು ನನ್ನನ್ನು ಸಿರಾದ ಗುಜರಿ ಅಂಗಡಿಗಳಿಗೆ ಕರೆದೊಯ್ದರು. ಅಲ್ಲಿ ಅವರ ಷಡ್ಡಕರ ಅಂಗಡಿಯಲ್ಲಿ, ಸತ್ತ ಲಾರಿಗಳ ರಾಶಿಯಲ್ಲಿ, ಒಂದು ಗೇರ್ ಪೆಟ್ಟಿಗೆ ಸಿಕ್ಕಿತು. ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೆ ಒಂದು. “ಆ ಒಂದು ಸಾಕು ಸಾಬ್ರೇ, ಮಿಕ್ಕ ನಾಲ್ಕು ನೀವೇ ಇಟ್ಕೊಳ್ಳಿ” ಎಂದೆ. ಅಂಗಡಿಯವರು ನನ್ನನ್ನು ದಿಟ್ಟಿಸಿ ನೋಡಿ, ಬುಡೇನ್ ಸಾಬರ ಕಿವಿಯಲ್ಲಿ ಉರ್ದುವಿನಲ್ಲಿ ಏನೋ ಕೇಳಿದರು; ನನ್ನ ಆರೋಗ್ಯದ ಬಗ್ಗೆ ಎಂದು ತೋರಿತು. ಬೆಲ್ಟು ತೆಗೆದು, ಪೆಟ್ಟಿಗೆ ಕೂರಿಸಿ, ಲಾರಿಯದೇ ಬ್ರೇಕಿನ ಪಟ್ಟಿ ಜೋಡಿಸಿ, ಆ ಶೋಭೆಯ ಹಿತ್ತಾಳೆ ಸನ್ನೆಯನ್ನು ಗೇರಿಗೆ ಸೇರಿಸುವಷ್ಟರಲ್ಲಿ ಮೇ ಅರ್ಧ ಕಳೆದಿತ್ತು. ಮೊದಲ ಮಳೆ ಹನಿದು ನೆಲ ಘಮ್ಮೆಂದಿದ್ದ ಒಂದು ಬೆಳಿಗ್ಗೆ, ಅರಿಶಿನ ಕುಂಕುಮ ಇಲ್ಲದೆ, ಸಾಹೇಬರಿಲ್ಲದೆ, ಬುಡೇನ್ ಸಾಬರು ಹತ್ತಿ ಕೂತರು. ಮುಂದಕ್ಕೆ ಹೋಗುವುದನ್ನು ನೋಡಲು ಯಾರಿಗೂ ಆಸಕ್ತಿಯಿರಲಿಲ್ಲ. ಸನ್ನೆಯನ್ನು ಹಿಂದಕ್ಕೆ ಎಳೆದರು. ಯಂತ್ರ ಒಮ್ಮೆ ಗೊರಕೆ ಹೊಡೆದು, ನಡುಗಿ, ಯೋಚಿಸಿ, ನಮ್ಮ ಕಡೆಗೆ ಬಂತು.

ಸಂತೋಷ ಮೀರಿದರೆ ಚಿತ್ತಣ್ಣನ ಬಾಯಲ್ಲಿ ತೆಲುಗು ಬರುತ್ತಿತ್ತು. “ವೆನಕ್ಕೊಸ್ತಾ ಉಂದಿ ಸೋಮೀ! ವೆನಕ್ಕೊಸ್ತಾ ಉಂದಿ!” ಎಂದು, ಹಿಂದಕ್ಕೆ ಬರುತ್ತಿರುವುದನ್ನು ಊರಿಗೇ ಸಾರುತ್ತ, ತಲೆಯ ಟವೆಲ್ಲು ಬಿಚ್ಚಿ, ರೋಲರಿನ ಮುಂದೆ, ಅಂದರೆ ಹಿಂದೆ, ಹಿಮ್ಮುಖವಾಗಿ ಕುಣಿಯುತ್ತ ಹೋದ. ಹೋಟೆಲಿನ ಬಾಗಿಲಲ್ಲಿ ತಿಮ್ಮಕ್ಕ, ಸೊಂಟದ ಮೇಲೆ ನಾಗಿಯ ಕೂಸನ್ನು ಕೂರಿಸಿಕೊಂಡು, “ಇಂದಕ್ ಬಂದಿದ್ದುಕ್ಕೆ ಇಷ್ಟು ಕುಣೀತಾನಲ್ಲ, ಇವನಿಗೇನು ಬಂತು?” ಎಂದಳು. ಜೂನ್‌ನಲ್ಲಿ ಕೊರಟಗೆರೆಯ ಇಳಿಜಾರಿನ ಕೆಲಸ ನಡೆಯಿತು. ನಾನು ಮೂರು ದಿನವೂ ಆಲದ ಮರದ ಕೆಳಗೇ, ಬಸ್ಸಿಗೆ ಕಾಯುವವರ ನಡುವೆ ನಿಂತಿದ್ದೆ. ಬುಡೇನ್ ಸಾಬರು ಮೇಲಿನಿಂದ ನನ್ನನ್ನು ನೋಡುತ್ತಲೇ ರೋಲರು ನಡೆಸಿದರು. ಮೂರನೆಯ ದಿನ ಕೆಲಸ ಮುಗಿದ ಮೇಲೆ ಜೇಬಿನಿಂದ ಆ ಖಾಲಿ ಚೀಟಿ ತೆಗೆದು, ಅದರಲ್ಲಿ ಎಲೆಅಡಿಕೆ ಸುತ್ತಿ ಚಿತ್ತಣ್ಣನಿಗೆ ಕೊಟ್ಟರು.

ಸದ್ಗುಣಕ್ಕೆ ಪ್ರತಿಫಲ ಉಂಟು. ಶ್ರಾವಣದ ಹಬ್ಬಕ್ಕೆ ಸರಿಯಾಗಿ ಅದು ಮೇಲಿನ ಕಚೇರಿಯ ಕಾಗದವಾಗಿ ಬಂತು. ಸದರಿ ಪರಿವರ್ತನೆಯು ಅತ್ಯಂತ ಯಶಸ್ವಿಯಾಗಿರುವುದರಿಂದಲೂ, ಹಿಮ್ಮುಖ ಚಲನೆಯ ವಿಷಯದಲ್ಲಿ ಸದರಿಯವರಿಗೆ ವಿಶೇಷ ಅನುಭವವಿರುವುದರಿಂದಲೂ, ಸಿರಾ, ಕೊರಟಗೆರೆ, ಪಾವಗಡದ ಉಳಿದ ಮೂರು ಉಗಿ ರೋಲರುಗಳನ್ನು ಸದರಿಯವರೇ ಪರಿವರ್ತಿಸತಕ್ಕದ್ದು; ಅಲ್ಲಿಯವರೆಗೆ ವರ್ಗಾವಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಅದನ್ನು ಓದಿ ನಾನು ನಕ್ಕೆ. ಬಹಳ ನಕ್ಕೆ. ಚಿತ್ತಣ್ಣ ಹೆದರಿ ನೀರು ತಂದುಕೊಟ್ಟ. ಆ ಪತ್ರದ ಒಂದು ನಕಲನ್ನು, ಒಂದು ಮಾತೂ ಸೇರಿಸದೆ, ಮೈಸೂರಿಗೆ ಕಳಿಸಿದೆ. ಮಾರ್ಚಿನಲ್ಲಿ ಏನಾಯಿತೆಂದು ಬರೆದ ಉದ್ದದ ಕಾಗದಕ್ಕೇ ಉತ್ತರ ಬಂದಿರಲಿಲ್ಲ.

ಹತ್ತು ದಿನದ ಮೇಲೆ, ಬೆಂಗಳೂರಿನಿಂದ ಹಿಂದಿರುಗುವ ಮಧ್ಯಾಹ್ನದ ಬಸ್ಸು ಶೆಡ್ಡಿನ ಮುಂದೆ ನಿಂತಿತು. ಕಂಡಕ್ಟರು ನನಗೆ ಕೈಬೀಸಲಿಲ್ಲ. ಕೆಳಗಿಳಿದು, ಚಾವಣಿಯಿಂದ ಒಂದು ಟ್ರಂಕು, ಒಂದು ಸ್ಟೌವು, ಒಂದು ಹೊಲಿಗೆ ಯಂತ್ರ ಇಳಿಸಿದ. ಕೊನೆಗೆ ಸರೋಜ ಇಳಿದಳು. ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ತಾನೇ ಕೇಳಿ ವರ್ಗ ಮಾಡಿಸಿಕೊಂಡಿದ್ದಳು. ಅದಕ್ಕೆ ಅಷ್ಟು ದಿನ ಹಿಡಿದಿತ್ತು. ಆಗುವವರೆಗೆ ಬರೆಯಬಾರದೆಂದು ಹಟ ಹಿಡಿದಿದ್ದಳಂತೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಲಿಲ್ಲ, ನನ್ನ ಹಿಂದಿದ್ದ ಕಬ್ಬಿಣವನ್ನು ನೋಡಿದಳು.

“ಇವಳೇ ಏನು?” ಎಂದಳು.

“ಇವಳೇ.”

“ಹಿಂದಕ್ಕೆ ಬರೋದು ತೋರಿಸಿ, ನೋಡೋಣ.”

ಬುಡೇನ್ ಸಾಬರು ಹತ್ತಿ ಕೂತು ತೋರಿಸಿದರು. ಸಂಜೆ ತಿಮ್ಮಕ್ಕ ಸಾಲಿನ ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ಮೊದಲ ಕೊಡ ಬಿಸಿನೀರನ್ನು ಹೊಸ ಅಮ್ಮಾವರ ಸ್ನಾನಕ್ಕೆಂದು ನಮ್ಮ ಬಾಗಿಲಿಗೇ ತಂದಿಟ್ಟಳು. ಡೀಸೆಲ್ ವಾಸನೆ ಹೊಡೆಯುತ್ತಿತ್ತು.

ಉಳಿದ ಮೂರು ರೋಲರುಗಳಿಗೆ ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಬುಡೇನ್ ಸಾಬರು ನಿವೃತ್ತರಾಗಿ, ಸಿರಾದಲ್ಲಿ ಷಡ್ಡಕರ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತು, ನಾನು ಗೇರ್ ಪೆಟ್ಟಿಗೆ ಹುಡುಕುತ್ತ ಹೋದಾಗಲೆಲ್ಲ ಟೀ ತರಿಸುತ್ತಿದ್ದರು. ಈಗ ಅವರಿಲ್ಲ. ಚಿತ್ತಣ್ಣ ಇದ್ದಾನೆ, ಕ್ಯಾತಗಾನಚೆರ್ಲುವಿನಲ್ಲಿ. ಅವನ ಹೊಲವೆಲ್ಲ ಬಿಸಿಲಿನಿಂದ ಕರೆಂಟು ತೆಗೆಯುವ ಗಾಜಿನ ಹಲಗೆಗಳ ಅಡಿಗೆ ಹೋಗಿದೆ. “ಬೆಂಕೀನೂ ಬ್ಯಾಡ, ಎಣ್ಣೇನೂ ಬ್ಯಾಡ ಸೋಮಿ, ಸುಮ್ಕೆ ಬಿದ್ದಿರ್ತೈತೆ, ಬಂದು ನೋಡಿ” ಎಂದು ಫೋನಿನಲ್ಲಿ ಕೂಗಿದ್ದ. ಅವನನ್ನು ನೋಡಲೆಂದೇ ನಾವು ಹೊರಟಿದ್ದು.

ಹಳದಿ ರೋಲರು ಮತ್ತೆ ಮುಂದಕ್ಕೆ ಹೋಗಿತ್ತು. ನನ್ನ ಟೀ ಆರಿತ್ತು. ಕಾರಿನ ಕಿಟಕಿ ಇಳಿಸಿ ಸರೋಜ ಕರೆದಳು.

“ಏನ್ರೀ, ಹೊರಡೋದಿಲ್ವಾ? ಚಿತ್ತಣ್ಣ ಕಾಯ್ತಿರ್ತಾನೆ.”

“ಬಂದೆ ಇರು,” ಎಂದೆ. “ಅದು ಇನ್ನೊಂದ್ಸಲ ಹಿಂದಕ್ಕೆ ಬರಲಿ.”